ಶನಿ ಕಾಟ ಮತ್ತು ಕೀಲೆಣ್ಣೆ

ಶನಿ ಕಾಟ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ನಮ್ಮ ಮನೆ ತಾರಸಿ ಮೇಲೆ.

ಅಪ್ಪನಿಗೆ ಎಂಬತ್ತೊಂದು ವರ್ಷ. ಗ್ಲಾಕೋಮಾ ಇದೆ. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತಿದೆ, ನಟ್ಟನಡುವಿನದು ಮಾತ್ರ ಇನ್ನೂ ಚೆನ್ನಾಗಿದೆ. "ಬೀಗದ ತೂತಿನಿಂದ ನೋಡಿದ ಹಾಗೆ ಕಾಣ್ತದೆ" ಅನ್ನುತ್ತಾರೆ. ಒಂದು ಸಂಜೆ ಕಾಫಿ ಕುಡಿಯುತ್ತಾ ಇದ್ದಕ್ಕಿದ್ದ ಹಾಗೆ, "ನಲವತ್ತು ವರ್ಷದಿಂದ ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದೀನಿ. ಆ ಪುಣ್ಯಾತ್ಮ ಹೇಗಿದಾನೆ ಅಂತ ಒಂದ್ಸಲ ನೋಡ್ಬೇಕಲ್ಲೋ. ನಿನ್ನ ಹತ್ರ ಒಂದು ಕೊಳವೆ ಇತ್ತಲ್ಲ?" ಅಂದರು.

ಇತ್ತು. ಅಟ್ಟದ ಮೇಲೆ, ಹಳೆ ಸೂಟ್‌ಕೇಸು ಮತ್ತು ಗೌರಿಹಬ್ಬದ ಮೊರಗಳ ಮಧ್ಯೆ. ಒಂಬತ್ತು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಇಳಿಸಿ, ಧೂಳು ಹೊಡೆದು, ತಾರಸಿಗೆ ಹೊತ್ತು, ಮುಕ್ಕಾಲಿ ಮೇಲೆ ಕೂರಿಸಿದೆ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಕ್ಲಚ್ಚು ಸಡಿಲಿಸಿ ಕೊಳವೆಯನ್ನು ಶನಿಯ ಕಡೆಗೆ ತಳ್ಳಿದೆ.

ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಲಸಿನ ಮೇಣದೊಳಗೆ ಸೌಟು ತಿರುಗಿಸಿದ ಹಾಗೆ. ಇನ್ನಷ್ಟು ಬಲ ಹಾಕಿದರೆ ಮುಕ್ಕಾಲಿಯೇ ತಿರುಗಿತು. ಮತ್ತಷ್ಟು ಹಾಕಿದೆ, ಆಗ ಗಕ್ಕನೆ ಬಿಟ್ಟುಕೊಂಡು ಶನಿಯನ್ನು ದಾಟಿ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹೋಗಿ ನಿಂತಿತು. ಹಿಂದಕ್ಕೆ ತಳ್ಳಿದರೆ ಅದೇ ಕಥೆ. ಮೋಟಾರು ಹಾಕಿದೆ, ಅದು ಗೊರ್‍ರ್ ಅಂತ ನರಳಿತು ಅಷ್ಟೇ. ಮುಕ್ಕಾಲು ಗಂಟೆ ಆದ ಮೇಲೆ ಅಪ್ಪ "ನಾಳೆ ನೋಡೋಣ ಬಿಡು" ಅಂತ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಗ್ಲಾಕೋಮಾ ಇರುವವರು "ನಾಳೆ" ಅಂದರೆ ಕೇಳುವವನಿಗೆ ಒಂಥರಾ ಆಗುತ್ತದೆ.

ಸರಿ, ಹಠ ಹಿಡಿದು ಓದಲು ಕೂತೆ. ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು, ನನ್ನ ತಾರಸಿಯ ತಾಪತ್ರಯಕ್ಕೆ ಇನ್ನೂರು ವರ್ಷಕ್ಕೂ ಮೀರಿದ ವಂಶಾವಳಿ ಇದೆ ಅಂತ. ಟೆಲಿಸ್ಕೋಪು ಅಂದರೆ ಎಲ್ಲರೂ ಗಾಜು, ಕನ್ನಡಿ ಅಂತಲೇ ಮಾತಾಡುತ್ತಾರೆ. ಅದನ್ನು ಹೊತ್ತು ತಿರುಗಿಸುವ ಮೌಂಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರ ಥರ, ಸಾರು ಕೆಟ್ಟಾಗ ಮಾತ್ರ ನೆನಪಾಗುತ್ತಾರೆ.

ಮೊದಲು ಈ ಮೌಂಟಿನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಭೂಮಿ ತಿರುಗುವುದರಿಂದ ಆಕಾಶ ನಮ್ಮ ಮುಂದೆ ಸರಿಯುತ್ತಿರುತ್ತದೆ. ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ ಆ ಸರಿಯುವಿಕೆಯೂ ನೂರು ಪಟ್ಟು. ಶನಿ ಒಂದು ಕಡೆಯಿಂದ ಬಂದು, ನೋಡಿ ಮುಗಿಸುವ ಮೊದಲೇ ಇನ್ನೊಂದು ಕಡೆಯಿಂದ ಜಾರಿಹೋಗುತ್ತಾನೆ. ಅದಕ್ಕೆ ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ನಿಲ್ಲಿಸಿ, ಭೂಮಿಯ ಎದುರು ದಿಕ್ಕಿಗೆ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗಿಸುತ್ತಾರೆ. ತಿರುಗಿಸುವುದು ವರ್ಮ್ ಗೇರು. ಅಂದರೆ ಸ್ಕ್ರೂ ಥರದ ಒಂದು "ಹುಳು", ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲಿನ ಚಕ್ರ. ನನ್ನ ಮೌಂಟಿನ ಚಕ್ರಕ್ಕೆ 144 ಹಲ್ಲು, ಹಾಗಾಗಿ ಹುಳು ಸುಮಾರು ಹತ್ತು ನಿಮಿಷಕ್ಕೆ ಒಂದು ಸುತ್ತು ಬರಬೇಕು.

ಈ ಹುಳುವಿನದೊಂದು ಸ್ವಭಾವ ಇದೆ. ಹುಳು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಹುಳುವನ್ನು ತಿರುಗಿಸಲಾರದು. ಒನ್ ವೇ ರಸ್ತೆ. ಹಾಗಾದರೆ ಕೈಯಿಂದ ತಿರುಗಿಸುವುದು ಹೇಗೆ? ಅದಕ್ಕೇ ಚಕ್ರಕ್ಕೂ ಅಕ್ಷಕ್ಕೂ ಮಧ್ಯೆ ಕ್ಲಚ್ಚು. ಬಿಗಿ ಮಾಡಿದರೆ ಮೋಟಾರಿನ ಮಾತು, ಸಡಿಲಿಸಿದರೆ ಕೈಯ ಮಾತು. ಒಂದೇ ಮನೆಗೆ ಇಬ್ಬರು ಯಜಮಾನರು. ತಕರಾರು ಶುರುವಾಗುವುದು ಅಲ್ಲೇ.

ಇನ್ನೊಂದು ವಿಷಯ. ತಿಕ್ಕಾಟದಲ್ಲಿ ಎರಡು ಬಗೆ ಇದೆ. ಊರ ತೇರು ಎಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಂತ ತೇರನ್ನು ಹೊರಡಿಸಲು ಊರಿಗೆ ಊರೇ ಹಗ್ಗ ಹಿಡಿಯಬೇಕು, ಹಿಂದಿನಿಂದ ಸನ್ನೆಗೋಲು ಹಾಕಬೇಕು. ಹೊರಟ ಮೇಲೆ ನಿಲ್ಲಿಸುವುದೇ ಕಷ್ಟ. ನಿಂತಾಗಿನ ತಿಕ್ಕಾಟ ಹೆಚ್ಚು, ಚಲಿಸುವಾಗಿನದು ಕಡಿಮೆ. ಇವೆರಡರ ನಡುವಿನ ಅಂತರ ದೊಡ್ಡದಾದಷ್ಟೂ ಗಕ್ಕನೆ ಹಾರುವುದು ಜಾಸ್ತಿ. ನನ್ನ ಕೊಳವೆ ನೀರಿನ ಟ್ಯಾಂಕಿಗೆ ಹೋಗಿದ್ದು ಹೀಗೆ.

ಈ ತೇರಿನ ಮಾತು ಅಕ್ಷರಶಃ ಹೊಂದುವ ಟೆಲಿಸ್ಕೋಪೊಂದು ಇಂಗ್ಲೆಂಡಿನಲ್ಲಿತ್ತು. ವಿಲಿಯಂ ಹರ್ಷೆಲ್ 1789ರಲ್ಲಿ ಸ್ಲೌ ಎಂಬಲ್ಲಿ ಮುಗಿಸಿದ್ದು. ನಲವತ್ತು ಅಡಿ ಉದ್ದದ ಕೊಳವೆ, ನಾಲ್ಕು ಅಡಿ ಅಗಲದ ಕನ್ನಡಿ, ಸುತ್ತಲೂ ಮರದ ಅಟ್ಟಣಿಗೆ, ಹಗ್ಗ, ರಾಟೆ. ಇಡೀ ಅಟ್ಟಣಿಗೆಯೇ ಉರುಳೆಗಳ ಮೇಲೆ ಸುತ್ತಬೇಕು, ಅದಕ್ಕೆ ಆಳುಗಳು ಬೇಕು. ನೋಡಲು ರಾಜಮನೆತನದವರೇ ಬರುತ್ತಿದ್ದರು. ಆದರೆ ಹರ್ಷೆಲ್ ಮಾತ್ರ ಹೆಚ್ಚಿನ ರಾತ್ರಿಗಳನ್ನು ಕಳೆದಿದ್ದು ತನ್ನ ಇಪ್ಪತ್ತು ಅಡಿಯ ಚಿಕ್ಕದರ ಜೊತೆ. ಸುಲಭವಾಗಿ ತಿರುಗುತ್ತಿತ್ತಲ್ಲ! ಪ್ರಪಂಚದ ಅತಿ ದೊಡ್ಡ ಟೆಲಿಸ್ಕೋಪು ಅಂಗಳದಲ್ಲಿ ನಿಂತಿದ್ದಾಗ ಅದರ ಒಡೆಯ ಚಿಕ್ಕದಕ್ಕೆ ಕಣ್ಣಿಟ್ಟು ಕೂತಿದ್ದ ಅನ್ನುವುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ :)

ನಿಜವಾದ ಉತ್ತರ ಬಂದದ್ದು ಒಬ್ಬ ಜರ್ಮನ್ ಕುಶಲಕರ್ಮಿಯಿಂದ. ಯೋಸೆಫ್ ಫ್ರಾನ್‌ಹೋಫರ್. ಸೂರ್ಯನ ಬಣ್ಣಪಟ್ಟಿಯ ಕಪ್ಪುಗೆರೆಗಳಿಗೆ ಇವನ ಹೆಸರಿದೆ, ಶಾಲೆಯಲ್ಲಿ ಓದಿರುತ್ತೀರಿ. ಇವನು ಡೋರ್ಪಾಟ್ ಎಂಬ ಊರಿಗೆ (ಈಗಿನ ಎಸ್ಟೋನಿಯಾದ ಟಾರ್ಟು) ಒಂದು ಟೆಲಿಸ್ಕೋಪು ಮಾಡಿ ಕಳಿಸಿದ. 1824ರಲ್ಲಿ ಅದು ಪೆಟ್ಟಿಗೆಗಳಲ್ಲಿ ಬಂದು ಇಳಿಯಿತು. ಸುಮಾರು 24 ಸೆಂಟಿಮೀಟರಿನ ಮಸೂರ, ನಾಲ್ಕು ಮೀಟರಿಗೂ ಮೀರಿದ ಕೊಳವೆ. ಆ ಕಾಲಕ್ಕೆ ಅಂಥ ಮಸೂರದ ಟೆಲಿಸ್ಕೋಪು ಇನ್ನೊಂದಿರಲಿಲ್ಲ.

ನನಗೆ ಮುಖ್ಯವಾಗಿ ಕಂಡಿದ್ದು ಮಸೂರ ಅಲ್ಲ. ಫ್ರಾನ್‌ಹೋಫರ್ ಮಾಡಿದ್ದು ಎರಡು ಕೆಲಸ. ಒಂದು, ಪ್ರತಿ ಭಾರಕ್ಕೂ ಎದುರುಭಾರ ಇಟ್ಟು ಇಡೀ ಯಂತ್ರವನ್ನು ತಕ್ಕಡಿಯ ಹಾಗೆ ಸಮ ಮಾಡಿದ. ಎರಡು, ಇಳಿಯುವ ತೂಕದಿಂದ ನಡೆಯುವ ಒಂದು ಗಡಿಯಾರವನ್ನು ಅಕ್ಷಕ್ಕೆ ಜೋಡಿಸಿದ. ಮಾಮೂಲಿ ಗಡಿಯಾರ ಟಿಕ್ ಟಿಕ್ ಅಂತ ಕುಪ್ಪಳಿಸುತ್ತದೆ, ಅದಕ್ಕೆ ಜೋಡಿಸಿದರೆ ನಕ್ಷತ್ರವೂ ಕುಪ್ಪಳಿಸುತ್ತದೆ. ಅದಕ್ಕೇ ಇವನು ಲೋಲಕ ಬಿಟ್ಟು, ಗಿರಗಿರ ಸುತ್ತುವ ಗುಂಡುಗಳನ್ನು ಇಟ್ಟ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚಿ ಸುತ್ತಲಿನ ಗೋಡೆಗೆ ಉಜ್ಜುತ್ತವೆ, ವೇಗ ತಗ್ಗುತ್ತದೆ. ಗಮನಿಸಿ, ಅಕ್ಷದಲ್ಲಿ ಬೇಡ ಅಂತ ಓಡಿಸಿದ ತಿಕ್ಕಾಟವನ್ನೇ ಇಲ್ಲಿ ಕರೆದು ಕೆಲಸಕ್ಕೆ ಇಟ್ಟುಕೊಂಡಿದ್ದಾನೆ.

ಇದರ ಫಲ ಏನಾಯಿತು ನೋಡಿ. ಅಲ್ಲಿನ ಖಗೋಳಶಾಸ್ತ್ರಜ್ಞ ಸ್ಟ್ರೂವ 1825ರಿಂದ ಎರಡು ವರ್ಷದಲ್ಲಿ ಸುಮಾರು 1,20,000 ನಕ್ಷತ್ರಗಳನ್ನು ಒಂದೊಂದಾಗಿ ನೋಡಿ, ಮೂರು ಸಾವಿರಕ್ಕೂ ಮೀರಿ ಜೋಡಿ ನಕ್ಷತ್ರಗಳ ಪಟ್ಟಿಯನ್ನು 1827ರಲ್ಲಿ ಪ್ರಕಟಿಸಿದ. ಒಂದು ಲಕ್ಷದ ಇಪ್ಪತ್ತು ಸಾವಿರ ಸಲ! ನನ್ನ ಮೌಂಟಿನ ಹಾಗೆ ಪ್ರತಿ ಸಲವೂ ಗಕ್ಕನೆ ಹಾರಿದ್ದರೆ ಆ ಪಟ್ಟಿಯೇ ಇರುತ್ತಿರಲಿಲ್ಲ. ಕೈಗೆ ಬೇಕಾದಾಗ ಸರಾಗ ಬಿಡಬೇಕು, ಗಡಿಯಾರಕ್ಕೆ ಬೇಕಾದಾಗ ಗಟ್ಟಿ ಹಿಡಿಯಬೇಕು. ಒಂದೇ ಯಂತ್ರ ಎರಡನ್ನೂ ಮಾಡಿದ್ದರಿಂದ ಆ ಕೆಲಸ ಆಯಿತು. ಫ್ರಾನ್‌ಹೋಫರ್ ಆ ಪಟ್ಟಿ ನೋಡಲಿಲ್ಲ. 1826ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡ. ಅವನ ಈ ವಿನ್ಯಾಸವನ್ನು ಇವತ್ತಿಗೂ "ಜರ್ಮನ್ ಮೌಂಟು" ಅಂತಲೇ ಕರೆಯುತ್ತಾರೆ. ನನ್ನ ಅಟ್ಟದ ಮೇಲಿದ್ದದ್ದೂ ಅದರದೇ ಮರಿಮೊಮ್ಮಗ.

ಆಮೇಲೆ ಫೋಟೋ ಬಂತು, ಕಷ್ಟವೂ ಬಂತು. ಕಣ್ಣು ಸಣ್ಣ ಕುಲುಕಾಟವನ್ನು ಕ್ಷಮಿಸುತ್ತದೆ, ಫೋಟೋ ತಗಡು ಕ್ಷಮಿಸುವುದಿಲ್ಲ. ಆಂಡ್ರ್ಯೂ ಕಾಮನ್ ಅಂತ ಒಬ್ಬ ಇಂಗ್ಲಿಷ್ ಹವ್ಯಾಸಿ ಇದ್ದ, ವೃತ್ತಿಯಲ್ಲಿ ಚರಂಡಿ-ನೈರ್ಮಲ್ಯದ ಇಂಜಿನಿಯರು. ತನ್ನ 36 ಇಂಚಿನ ಟೆಲಿಸ್ಕೋಪಿನ ಅಕ್ಷದ ಭಾರ ತಗ್ಗಿಸಲು ಅದನ್ನು ಪಾದರಸದಲ್ಲಿ ತೇಲಿಸಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಕಬ್ಬಿಣ ಅದರ ಮೇಲೆ ತೆಪ್ಪದ ಹಾಗೆ ತೇಲುತ್ತದೆ. 1883ರಲ್ಲಿ ಅವನು ಅರ್ಧ ಗಂಟೆಗೂ ಮೀರಿ ತಗಡು ತೆರೆದಿಟ್ಟು ತೆಗೆದ ಓರಿಯನ್ ನೀಹಾರಿಕೆಯ ಫೋಟೋದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು.

ಅದೇ ಪಾದರಸದ ಉಪಾಯ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟಕ್ಕೂ ಹೋಯಿತು. ಮೊದಲು 1908ರ 60 ಇಂಚಿನದಕ್ಕೆ, ಆಮೇಲೆ 1917ರ 100 ಇಂಚಿನ ಹೂಕರ್ ಟೆಲಿಸ್ಕೋಪಿಗೆ. ಹೂಕರ್‌ದು ಚಲಿಸುವ ಭಾಗವೇ ಸುಮಾರು ನೂರು ಟನ್ನು. ಅದನ್ನು ನಡೆಸುತ್ತಿದ್ದುದು ಕೆಳಗಿಳಿಯುವ ಒಂದು ತೂಕದ ಗಡಿಯಾರ, ಫ್ರಾನ್‌ಹೋಫರನ ಉಪಾಯವೇ. (ಪಾದರಸದ ಆವಿ ವಿಷ. ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ ಮತ್ತೆ.)

ಹೂಕರ್ ಅಂದರೆ ಎಲ್ಲರೂ ಹಬಲ್ ಹೆಸರು ಹೇಳುತ್ತಾರೆ. ನನಗೆ ಇಷ್ಟವಾದವನು ಮಿಲ್ಟನ್ ಹ್ಯೂಮಸನ್. ಹೆಚ್ಚು ಓದಿದವನಲ್ಲ. ಅದೇ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಹೊಡೆಯುತ್ತಿದ್ದವನು, ಆಮೇಲೆ ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿದ, ಆಮೇಲೆ ರಾತ್ರಿ ಸಹಾಯಕ, ಕೊನೆಗೆ ಖಗೋಳಶಾಸ್ತ್ರಜ್ಞ. ದೂರದ ಗೆಲಾಕ್ಸಿಗಳ ಬಣ್ಣಪಟ್ಟಿ ಹಿಡಿಯಲು ಒಂದೇ ತಗಡನ್ನು ಹಲವು ರಾತ್ರಿ ತೆರೆದಿಡಬೇಕಿತ್ತು. ಗಡಿಯಾರ ಎಷ್ಟೇ ಚೆನ್ನಾಗಿದ್ದರೂ ಚೂರು ಚೂರು ತಪ್ಪುತ್ತದಲ್ಲ, ಅದನ್ನು ತಿದ್ದಲು ಒಬ್ಬ ಮನುಷ್ಯ ಕೊರೆಯುವ ಚಳಿಯಲ್ಲಿ ಕಣ್ಣಿಟ್ಟು ಕೂತಿರಬೇಕು. ಬ್ರಹ್ಮಾಂಡ ಹಿಗ್ಗುತ್ತಿದೆ ಅನ್ನುವುದಕ್ಕೆ ಆಧಾರವಾದ ಅಳತೆಗಳಲ್ಲಿ ಎಷ್ಟೋ ಈ ಹೇಸರಗತ್ತೆಯವನ ಕೈಯವು. ಯಂತ್ರ ನೂರು ಟನ್ನು ಹೊತ್ತರೂ ಕೈಗೆ ಇನ್ನೂ ಜಾಗ ಇತ್ತು ಅನ್ನುವುದಕ್ಕೆ ಇದನ್ನು ಹೇಳಿದೆ.

ಮುಂದಿನದು ಪಾಲೊಮಾರ್. 200 ಇಂಚಿನ ಹೇಲ್ ಟೆಲಿಸ್ಕೋಪು, ಉದ್ಘಾಟನೆ 1948ರ ಜೂನ್ 3. ಚಲಿಸುವ ಭಾಗ ಸುಮಾರು 500 ಟನ್ನು. ಇಷ್ಟು ಭಾರಕ್ಕೆ ಉರುಳೆ ಬೇರಿಂಗು ಹಾಕಿದರೆ ತಿಕ್ಕಾಟ ವಿಪರೀತ. ಇಂಜಿನಿಯರುಗಳು ಕಂಡುಕೊಂಡ ದಾರಿ ಎಣ್ಣೆ. ಸುಮಾರು 14 ಮೀಟರ್ ಅಗಲದ ಕುದುರೆಲಾಳದ ಆಕಾರದ ಬೇರಿಂಗು, ಅದರ ಕೆಳಗೆ ದಿಂಬುಗಳು, ದಿಂಬಿನ ಮಧ್ಯದಿಂದ ಭಾರೀ ಒತ್ತಡದಲ್ಲಿ ಎಣ್ಣೆ ಪಂಪು ಮಾಡುತ್ತಾರೆ. ಕೂದಲೆಳೆಯಷ್ಟು ತೆಳ್ಳಗಿನ ಎಣ್ಣೆಯ ಪೊರೆಯ ಮೇಲೆ ಐನೂರು ಟನ್ನು ತೇಲುತ್ತದೆ. ಉಕ್ಕಿಗೆ ಉಕ್ಕು ತಾಗುವುದೇ ಇಲ್ಲ, ಹಾಗಾಗಿ ನಿಂತಾಗಿನ ತಿಕ್ಕಾಟ ಅನ್ನುವುದೇ ಇಲ್ಲ. ಹೊರಡುವುದೂ ಒಂದೇ, ನಡೆಯುವುದೂ ಒಂದೇ. ಆಕಾಶದ ಜೊತೆ ಅದನ್ನು ನಡೆಸಲು ಸಾಕಾದ ಮೋಟಾರು ಎಷ್ಟು ಗೊತ್ತೆ? ಒಂದು ಅಶ್ವಶಕ್ತಿಯ ಹನ್ನೆರಡನೇ ಒಂದು ಭಾಗ. ಅಂದರೆ ಸುಮಾರು 62 ವಾಟು. ನಮ್ಮನೆ ಮಿಕ್ಸಿ 750 ವಾಟಿನದು, ದೋಸೆ ಹಿಟ್ಟು ಗಟ್ಟಿಯಾದರೆ ಅದೇ ನಿಂತುಹೋಗುತ್ತದೆ!

ಅದೇ ಕುದುರೆಲಾಳದ ವಿನ್ಯಾಸ ನಮ್ಮ ಹತ್ತಿರಕ್ಕೂ ಬಂತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ಕಟ್ಟಿದ 2.34 ಮೀಟರಿನ ಟೆಲಿಸ್ಕೋಪಿನದು ಅದೇ ಮಾದರಿ. 1986ರ ಜನವರಿಯಲ್ಲಿ ಅದಕ್ಕೆ ವೇಣು ಬಾಪು ಅವರ ಹೆಸರಿಟ್ಟರು. ಅದೇ ಸಂಸ್ಥೆಯ ಇನ್ನೊಂದು ಟೆಲಿಸ್ಕೋಪು ಲಡಾಖಿನ ಹಾನ್ಲೆಯಲ್ಲಿದೆ, ಸುಮಾರು 4500 ಮೀಟರ್ ಎತ್ತರದಲ್ಲಿ. 2000ದಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ತಿರುಗಿಸುವವರು ಕೂರುವುದು ಎಲ್ಲಿ? ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ. ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಬಿರಿಯಾನಿ ಅಂಗಡಿ ಬಿಟ್ಟು ಬೇರೇನೂ ನೋಡಿರಲಿಲ್ಲ.

ಕೈ ಅನ್ನುವುದು ಹೀಗೆ ಟೆಲಿಸ್ಕೋಪಿನಿಂದ ಸಾವಿರಾರು ಕಿಲೋಮೀಟರ್ ದೂರ ಹೋಯಿತು. ದೊಡ್ಡ ಕೆಲಸಕ್ಕೆ ಅದೇ ಸರಿ, ನನಗೇನೂ ದೂರಿಲ್ಲ. ಆದರೆ ಹವ್ಯಾಸಿಗಳ ಚಿಕ್ಕ ಮೌಂಟುಗಳೂ ಅದೇ ದಾರಿ ಹಿಡಿದಾಗ ಗುಂಡಿ ಒತ್ತುವುದೇ ಮುಖ್ಯವಾಯಿತು, ಕೈಯಿಂದ ತಿರುಗಿಸುವುದು ನೆಂಟನ ಹಾಗೆ ಮೂಲೆಗೆ ಸರಿಯಿತು. ಕೆಲವಕ್ಕೆ ಕೈಯಲ್ಲಿ ಮುಟ್ಟಿದರೆ ಆಕಾಶದ ಲೆಕ್ಕವೇ ತಪ್ಪಿಹೋಗುತ್ತದೆ. ಮುಟ್ಟದೇ ಇದ್ದದ್ದು ಬಿಗಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಉಲ್ಟಾ ಹೊಡೆದವನು ಒಬ್ಬ ಸನ್ಯಾಸಿ. ಜಾನ್ ಡಾಬ್ಸನ್. ಹುಟ್ಟಿದ್ದು 1915ರಲ್ಲಿ ಬೀಜಿಂಗಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿದ, ನಮ್ಮ ರಾಮಕೃಷ್ಣ ಪರಂಪರೆಯದೇ. ಮಠದಲ್ಲಿದ್ದುಕೊಂಡೇ ಹಡಗಿನ ಕಿಟಕಿಯ ಗಾಜು ತಿಕ್ಕಿ ಕನ್ನಡಿ ಮಾಡಿ, ರಾತ್ರಿ ಹೊರಗೆ ಹೋಗಿ ಬೀದಿಯವರಿಗೆ ಚಂದ್ರನನ್ನು ತೋರಿಸುತ್ತಿದ್ದ. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಅವನ ಸುತ್ತ ಬೀದಿಬದಿಯ ಖಗೋಳಪ್ರಿಯರ ಗುಂಪು ಹುಟ್ಟಿಕೊಂಡಿತು. ಅವನ ಹೆಸರು ಹೊತ್ತ ಮೌಂಟಿನಲ್ಲಿ ಮೋಟಾರಿಲ್ಲ, ಗೇರಿಲ್ಲ. ಪ್ಲೈವುಡ್ ಪೆಟ್ಟಿಗೆ, ಟೆಫ್ಲಾನ್ ತುಂಡುಗಳ ಮೇಲೆ ಕೂತ ಫಾರ್ಮೈಕಾ. ಟೆಫ್ಲಾನಿನ ಗುಣ ಏನೆಂದರೆ ನಿಂತಾಗಿನ ತಿಕ್ಕಾಟಕ್ಕೂ ಚಲಿಸುವಾಗಿನದಕ್ಕೂ ಹೆಚ್ಚು ಅಂತರ ಇಲ್ಲ. ಬೆರಳಲ್ಲಿ ತಳ್ಳಿದರೆ ಹೋಗುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಪಾಲೊಮಾರಿನವರು ತಿಕ್ಕಾಟವನ್ನು ಓಡಿಸಿದರು, ಡಾಬ್ಸನ್ ಅದನ್ನು ಪಳಗಿಸಿದ. 2014ರಲ್ಲಿ ತೀರಿಕೊಂಡ.

ಇಷ್ಟೆಲ್ಲ ಓದಿ ತಲೆ ತುಂಬಿಸಿಕೊಂಡ ನಾನು ಮಾಡಿದ ಮೊದಲ ಕೆಲಸ ಏನು? ತಪ್ಪು ಕೆಲಸ. ಹುಳು ಚಕ್ರಕ್ಕೆ ತುಂಬಾ ಒತ್ತಿಕೊಂಡಿದೆ ಅಂದುಕೊಂಡು ಅದರ ಸ್ಕ್ರೂ ಸಡಿಲಿಸಿದೆ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಕ್ಲಚ್ಚು ಬಿಟ್ಟ ಮೇಲೆ ಹುಳುವಿಗೂ ಅಕ್ಷಕ್ಕೂ ಸಂಬಂಧವೇ ಇಲ್ಲ. ಕ್ಲಚ್ಚು ಬಿಟ್ಟು, ಕೊಳವೆ ಎದುರುಭಾರ ಎರಡೂ ತೆಗೆದು ಬರೀ ಅಕ್ಷ ತಿರುಗಿಸಿ ನೋಡಬೇಕಿತ್ತು. ನೋಡಿದೆ. ಆಗಲೂ ಬಿಗಿ. ಅಂದರೆ ಸಮತೋಲದ ದೋಷ ಅಲ್ಲ, ಹುಳುವಿನದಲ್ಲ. ಅಕ್ಷದ್ದೇ.

ಬಿಚ್ಚಿದರೆ ಒಳಗೆ ಕಂದುಬಣ್ಣದ ಅಂಟು. ಗ್ರೀಸು ಅಂದರೆ ಒಂದು ಬಗೆಯ ಸೋಪಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಎಣ್ಣೆ ಬಸಿದು, ಆರಿ, ಸೋಪು ಉಳಿಯುತ್ತದೆ. ಜಾರಿಸಬೇಕಾದದ್ದೇ ಅಂಟು. ಕ್ಲಚ್ಚಿನ ಬಿಲ್ಲೆಗೂ ಅದು ಮೆತ್ತಿಕೊಂಡು, ಬಿಟ್ಟರೂ ಬಿಡದಂತೆ ಹಿಡಿದಿತ್ತು.

ನಾನು ಹೊಸ ಗ್ರೀಸಿನ ಡಬ್ಬಿ ತೆರೆಯುತ್ತಿದ್ದಾಗ ಅಪ್ಪ ವಾಸನೆಗೆ ಬಂದು ಪಕ್ಕದಲ್ಲಿ ಕೂತರು. "ಹಳೇದನ್ನ ಪೂರ್ತಿ ಒರೆಸದೆ ಹೊಸದು ಹಾಕ್ಬೇಡ. ಗಾಡಿ ಇನ್ನೂ ಬಿಗಿಯಾಗ್ತದೆ." ಅವರು ಹೇಳುತ್ತಿದ್ದುದು ಎತ್ತಿನ ಗಾಡಿಯ ವಿಷಯ. ಚಿಕ್ಕಂದಿನಲ್ಲಿ ಸಂತೆಗೆ ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕುವುದು ಅವರ ಪಾಲಿನ ಕೆಲಸವಂತೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಸೀಮೆಎಣ್ಣೆಯಲ್ಲಿ ಹಳೆ ಬಟ್ಟೆ ಅದ್ದಿ ಇಬ್ಬರೂ ಕೂತು ಒರೆಸಿದೆವು. ಅವರಿಗೆ ಅಂಚು ಕಾಣುವುದಿಲ್ಲ, ಆದರೆ ಬೆರಳಿಗೆ ಕಾಣುತ್ತದೆ. ನಾನು ಸ್ವಚ್ಛ ಅಂದುಕೊಂಡ ಜಾಗದಲ್ಲಿ ಎರಡು ಸಲ ಅಂಟು ಹುಡುಕಿ ಕೊಟ್ಟರು.

ಅಕ್ಷಕ್ಕೆ ತೆಳ್ಳಗೆ ಲಿಥಿಯಂ ಗ್ರೀಸು. ಕ್ಲಚ್ಚಿನ ಮುಖಕ್ಕೆ ಏನೂ ಇಲ್ಲ, ಅದು ಹಿಡಿಯಬೇಕಾದ ಜಾಗ. ಕೊನೆಗೆ ಬೇರಿಂಗಿನ ನಟ್ಟು. ಹೆಚ್ಚು ಬಿಗಿದರೆ ಮತ್ತೆ ಅದೇ ಪಾಡು, ಕಡಿಮೆಯಾದರೆ ಅಕ್ಷ ಅಲ್ಲಾಡಿ ಶನಿ ಕುಣಿಯುತ್ತಾನೆ. ಪೂರ್ತಿ ಬಿಗಿದು ಚೂರು ಹಿಂದಕ್ಕೆ ಬಿಡಬೇಕು. ಆ ಚೂರು ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ಅಕ್ಷ ಆಡಿಸುತ್ತಾ, "ಇನ್ನೊಂಚೂರು... ಹ್ಞಾಂ, ಸಾಕು" ಅಂದರು. ನಾನು ಅಲ್ಲಿಗೇ ನಿಲ್ಲಿಸಿದೆ. ಹುಳುವಿನ ಸ್ಕ್ರೂ ಮೊದಲಿನ ಜಾಗಕ್ಕೆ ತರುವಷ್ಟರಲ್ಲಿ ಮಾತ್ರ ಒಂದು ಗಂಟೆ ಹೋಯಿತು, ಮಾಡಿದ್ದುಣ್ಣೋ ಮಹಾರಾಯ.

ಆ ರಾತ್ರಿ ಕೊಳವೆ ಬೆರಳಿಗೆ ಬಂತು. ಶನಿಯನ್ನು ಮಧ್ಯಕ್ಕೆ ತಂದು, ಕ್ಲಚ್ಚು ಬಿಗಿದು, ಮೋಟಾರು ಹಾಕಿದೆ. ಅಪ್ಪ ಕುರ್ಚಿ ಎಳೆದುಕೊಂಡು ಕಣ್ಣಿಟ್ಟರು. ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ಬಳೆ ತೊಟ್ಟಿದಾನೆ" ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಇವನಿಗೆ ಬೀಗದ ತೂತೇ ಸಾಕು ಕಣೋ." ಹುಳು ಒಂದು ಪೂರ್ತಿ ಸುತ್ತು ಬಂದಿರಬೇಕು, ಅಷ್ಟು ಹೊತ್ತು ಕಣ್ಣು ತೆಗೆಯಲಿಲ್ಲ. ಶನಿಯೂ ಜಾರಲಿಲ್ಲ.

ಮಂಕಿ ಕ್ಯಾಪು ಸರಿ ಮಾಡಿಕೊಂಡು, "ಗುರು ಎಲ್ಲಿದಾನೆ?" ಅಂದರು. ನಾನು ಕ್ಲಚ್ಚು ಸಡಿಲಿಸಿದೆ.